ಮೂಗನ ಕೂಗು

“ನಂದು” ಎಂದು ಬಸ್ ಡ್ರೈವರ್ ತಟ್ಟೆಯ ಮೇಲಿನ ಟೀ ಲೋಟಕ್ಕೆ ಕೈ ಹಾಕಿದ. ಅದೇ ಲೋಟಕ್ಕೆ ಕೈ ಚಾಚಿದ್ದವರೆಲ್ಲ ಬಿಸಿ ತಗುಲಿದವರಂತೆ ಹಿಂದಕ್ಕೆ ಎಳೆದುಕೊಂಡರು. ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು. ಆಮೇಲೆ ಬೆಂಚಿನ ಮೇಲಿದ್ದ ಶವಪೆಟ್ಟಿಗೆ ನೆನಪಾಗಿ ತಲೆ ತಗ್ಗಿಸಿದರು.

ತಟ್ಟೆ ಹಿಡಿದು ನಿಂತಿದ್ದ, ಸತ್ತವನ ಹೆಂಡತಿಗೆ ಆ ನಗುವಿನಿಂದ ಬೇಸರವಾಗಲಿಲ್ಲ. ಇವರೆಲ್ಲ ಬೇರೆ ಬೇರೆ ಕಾಲದಲ್ಲಿ ಅವಳ ಗಂಡನ ಕೈಕೆಳಗೆ ಪಳಗಿದ ಗೋಲ್‌ಕೀಪರುಗಳು. ಕೋಚ್ ಆದ ಮೇಲೆ ಅವನು ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಒಂದೇ. ಚೆಂಡಿಗೆ ಹೋಗುವ ಮುಂಚೆ ‘ನಂದು’ ಅಂತ ಕೂಗಬೇಕು. ಒಬ್ಬ ಕೂಗಿದ ಮೇಲೆ ಇನ್ನೊಬ್ಬ ಮುಟ್ಟಕೂಡದು. ಚೆಂಡೇ ಆಗಲಿ, ಬನ್ನೇ ಆಗಲಿ, ಬಸ್ಸಿನ ಕಿಟಕಿ ಪಕ್ಕದ ಸೀಟೇ ಆಗಲಿ. ತಪ್ಪಿದವನು ಮೈದಾನ ಸುತ್ತಬೇಕು. ಈ ಡ್ರೈವರನಿಗೆ ಈಗ ತಲೆ ನರೆತಿದೆ, ಆದರೂ ಮನೆಯಲ್ಲಿ ಉಪ್ಪಿನ ಡಬ್ಬಿ ಎತ್ತುವಾಗಲೂ ಕೂಗುತ್ತಾನೆಂದು ಅವನ ಹೆಂಡತಿ ಗೊಣಗುತ್ತಾಳೆ.

ಇಷ್ಟು ಜನಕ್ಕೆ ಕೂಗಲು ಕಲಿಸಿದವನನ್ನು ಊರು ಕರೆದದ್ದು ಮಾತ್ರ ‘ಮೂಗ’ ಎಂದು.

“ಕ್ಲಬ್ಬಿನ ಅಧ್ಯಕ್ಷರು ಬಂದ್ರಾ?” ಎಂದು ಅವಳು ಮಗಳನ್ನು ಕೇಳಿದಳು.

“ಫೋಟೋದವನು ಆಗ್ಲೇ ಬಂದಿದ್ದಾನೆ. ಅಂದ್ಮೇಲೆ ಅವರೂ ಬರ್ತಾರೆ. ನೀನು ಸುಮ್ನೆ ಆಸೆ ಇಟ್ಕೋಬೇಡಮ್ಮ.”

ಆಸೆ ಇಟ್ಟುಕೊಂಡೇ ಅವಳು ಹೆಣವನ್ನು ಮನೆಯಿಂದ ಕ್ಲಬ್ಬಿನ ಹಾಲಿಗೆ ತರಲು ಒಪ್ಪಿದ್ದು.

*

ಗಂಡ ಇನ್ನೂ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದ ಕಾಲದ ಆ ಫುಟ್‌ಬಾಲ್ ಫೈನಲ್ ದಿನ ಅವಳು ಗೋಲಿನ ಹಿಂದೆಯೇ ಕೂತಿದ್ದಳು, ಹೊಸದಾಗಿ ಮದುವೆಯಾದವಳು. ಚೆಂಡು ಎತ್ತರದಲ್ಲಿ ತೇಲಿ ಬಂತು. ಅವಳ ಗಂಡ ಮುಂದೆ ನುಗ್ಗಿ ‘ನಂದು’ ಎಂದು ಕೂಗಿದ. ಎಂಥ ಕೂಗೆಂದರೆ ಅವಳಿಗೆ ನಾಚಿಕೆಯೇ ಆಯಿತು. ಆದರೂ ಕ್ಯಾಪ್ಟನ್ ಅಡ್ಡ ಹಾರಿ ಚೆಂಡಿಗೆ ತಲೆ ಕೊಟ್ಟ. ಚೆಂಡು ತಮ್ಮದೇ ಗೋಲಿನೊಳಗೆ ಹೋಗಿ ಬಿತ್ತು.

“ಅವನು ಕೂಗಲೇ ಇಲ್ಲ, ನಾನೇನ್ ಮಾಡ್ಲಿ?” ಎಂದು ಕ್ಯಾಪ್ಟನ್ ಪತ್ರಿಕೆಯವರ ಮುಂದೆ ಹೇಳಿದ.

ಸೋತ ಬಿಸಿಯಲ್ಲಿ ಬಾಯಿ ಜಾರಿದೆ, ತಣ್ಣಗಾದ ಮೇಲೆ ಅವನೇ ಸರಿಮಾಡುತ್ತಾನೆ ಎಂದುಕೊಂಡು ಗಂಡ ಸುಮ್ಮನಿದ್ದ. ಆ ಸುಮ್ಮನಿದ್ದ ವಾರದಲ್ಲೇ ಹೆಸರು ಅಂಟಿಕೊಂಡಿತು. ಮುಂದಿನ ವರ್ಷ ಗೋಲಿನಲ್ಲಿ ಬೇರೆಯವನು ನಿಂತ. ಇವನಿಗೆ ಹಿಂದಿನ ಮೈದಾನದಲ್ಲಿ ಎಳೆಯರನ್ನು ಪಳಗಿಸುವ ಕೆಲಸ ಸಿಕ್ಕಿತು. ಕ್ಯಾಪ್ಟನ್ ಕಾರ್ಯದರ್ಶಿಯಾದ, ಅಧ್ಯಕ್ಷನೂ ಆದ. ಬಾಯಿಗೆ ಬೀಗ ಹಾಕಿಕೊಂಡಿದ್ದೀರಾ ಎಂದು ಅವಳು ಗಂಡನನ್ನು ಎಷ್ಟು ಬೈದರೂ ಅವನದ್ದು ಒಂದೇ ಉತ್ತರ: “ಅವನಿಗೆ ಗೊತ್ತು. ಅವನೇ ಹೇಳ್ಬೇಕು.”

ಕೊನೆಗೆ ಕ್ಯಾಪ್ಟನ್ ಹೇಳಿದ್ದೂ ಆಯಿತು, ಗಂಡ ಮಲಗಿದ್ದ ಆಸ್ಪತ್ರೆಯಲ್ಲಿ. ಹಾಸಿಗೆಯ ಪಕ್ಕ ಕೂತು, ಅವಳ ಎದುರಿಗೇ.

“ನೀನು ಕೂಗಿದ್ದು ಕೇಳಿಸಿತ್ತು ಕಣೋ. ಆದ್ರೂ ಹಾರಿಬಿಟ್ಟೆ.”

“ಹೊರಗೆ ಹೇಳ್ತೀಯಾ?”

“ಎಲ್ಲರ ಮುಂದೆ ಹೇಳ್ತೀನಿ.”

ಅಂದು ಗಂಡ ಬೇಡಬೇಡವೆನ್ನದೆ ಊಟ ಮಾಡಿದ. ಮರುದಿನದಿಂದ ಮಗಳ ಕೈಯಲ್ಲಿ ಪತ್ರಿಕೆಯ ಆಟದ ಪುಟವನ್ನು ಒಂದಕ್ಷರ ಬಿಡದೆ ಓದಿಸಿ ಕೇಳಿದ. ಸಾಯುವ ದಿನವೂ ಓದಿಸಿದ.

*

ಅಧ್ಯಕ್ಷರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು. ಅವಳು ಮಗಳ ಕೈ ಹಿಡಿದುಕೊಂಡಳು.

“ಆ ಫೈನಲ್‌ನಲ್ಲಿ ಅವನು ಕೂಗಲಿಲ್ಲ, ನಿಜ. ಆದ್ರೆ ನಾವ್ಯಾರೂ ಅದನ್ನ ಮನಸ್ಸಲ್ಲಿ ಇಟ್ಕೊಳ್ಳಲಿಲ್ಲ. ಆ ಒಂದು ತಪ್ಪಿಗೆ ಜೀವನಪೂರ್ತಿ ಪ್ರಾಯಶ್ಚಿತ್ತ ಮಾಡ್ಕೊಂಡ. ಎಂಥ ದೊಡ್ಡ ಮನಸ್ಸು.”

ಜನ ತಲೆದೂಗಿದರು. ಯಾರೋ ಮೂಗು ಸೀಟಿಕೊಂಡರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಏನೂ ಹೇಳದೆ ಹೋಗಿದ್ದರೆ ಹಾಳಾಗಿಹೋಗಲಿ ಎನ್ನಬಹುದಿತ್ತು. ಈ ಮನುಷ್ಯ ತನ್ನ ತಪ್ಪನ್ನು ಸತ್ತವನ ತಲೆಗೇ ಮತ್ತೊಮ್ಮೆ ಕಟ್ಟಿ, ಮೇಲೆ ಕ್ಷಮಿಸಿಯೂ ಬಿಟ್ಟನಲ್ಲ.

ಅಧ್ಯಕ್ಷರು ಕೆಳಗಿಳಿದು ಅವಳ ಬಳಿ ಬಂದು ದನಿ ತಗ್ಗಿಸಿದರು. “ಅತ್ತಿಗೆ, ಇಂಥ ದಿನ ಹಳೇದನ್ನೆಲ್ಲ ಕೆದಕೋದು ಯಾಕೆ ಅಂತ...”

“ಕೆದಕಿದ್ದು ನೀವೇ ಅಲ್ವಾ?” ಎಂದಳು. ಅವರು ಕೇಳಿಸದವರಂತೆ ಪೆಟ್ಟಿಗೆಯ ಕಡೆ ನಡೆದರು. ಆ ಅಭ್ಯಾಸ ಅವರಿಗೆ ಹಳೆಯದು.

ಹೊರಡುವ ಹೊತ್ತಾಗಿತ್ತು. ಗೋಲ್‌ಕೀಪರುಗಳು ಪೆಟ್ಟಿಗೆಯ ಎರಡೂ ಬದಿಯ ಹಿಡಿಗಳಿಗೆ ಕೈ ಹಾಕಿ ನಿಂತರು. ಅಧ್ಯಕ್ಷರು ಡ್ರೈವರನ ಭುಜ ತಟ್ಟಿ ಅವನನ್ನು ಪಕ್ಕಕ್ಕೆ ಸರಿಸಿ, ಮುಂದಿನ ಹಿಡಿಯನ್ನು ತಾವೇ ಹಿಡಿದುಕೊಂಡರು. ಫೋಟೋದವನು ಎದುರಿಗೆ ಬಂದು ಮಂಡಿಯೂರಿದ.

ಅವಳು ಮಗಳ ಕೈ ಬಿಡಿಸಿಕೊಂಡು ಹೋದಳು. ಅದೇ ಹಿಡಿಗೆ ತನ್ನ ಕೈ ಚಾಚಿದಳು.

“ನಂದು.”

ಅವಳ ಗಂಟಲಿನಿಂದ ಅಂಥ ದನಿ ಎಂದೂ ಬಂದಿರಲಿಲ್ಲ. ಹಾಲಿನ ಕೊನೆಯ ಸಾಲಿನವರೂ ತಿರುಗಿ ನೋಡಿದರು. ಪೆಟ್ಟಿಗೆಯ ಸುತ್ತ ನಿಂತಿದ್ದ ಗೋಲ್‌ಕೀಪರುಗಳು ಏನು ಎತ್ತ ಎಂದು ಯೋಚಿಸಲೂ ಇಲ್ಲ. ಕಲಿಸಿದ್ದು ಹಾಗೆ. ಎಲ್ಲರೂ ಒಮ್ಮೆಲೇ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದರು.

ಬೆಂಚಿನ ಮೇಲೆ ಪೆಟ್ಟಿಗೆ ಹಾಗೇ ಇತ್ತು. ಅದರ ಮುಂದಿನ ಹಿಡಿಯ ಮೇಲೆ ಅಧ್ಯಕ್ಷರ ಕೈ ಒಂದೇ ಉಳಿದಿತ್ತು.