‘ಇವರು’ ಎಂಬ ಮ್ಯಾಕ್ರೊ

ಜಲಜಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಹೇಳುವುದಿರಲಿ, ಬರೆದವರೂ ಅಲ್ಲ. ಬ್ಯಾಂಕಿನಲ್ಲಿ ಯಾರಾದರೂ ಕೇಳಿದರೆ ಪಕ್ಕದಲ್ಲಿ ನಿಂತ ಗಂಡನ ಮುಖ ನೋಡುತ್ತಿದ್ದರು. ಈ ಕಾಲದಲ್ಲೂ ಹೀಗಾ ಅಂತ ನೀವು ಮೂಗು ಮುರಿಯಬಹುದು. ಮುರಿಯಿರಿ, ಅವರೇನೂ ಬೇಜಾರು ಮಾಡಿಕೊಳ್ಳುವವರಲ್ಲ. ಅಮ್ಮ ಹೇಳಿಕೊಟ್ಟದ್ದು ಹಾಗೆ, ನಾಲಿಗೆ ಹಾಗೇ ಪಳಗಿಹೋಯಿತು. ಕರೆಯುವುದಕ್ಕೆ ‘ರೀ’, ಬೇರೆಯವರ ಎದುರು ‘ಇವರು’. ಅಷ್ಟರಲ್ಲೇ ಸಂಸಾರ ಸಾಗಿತು.

ಗಂಡ ವೆಂಕಟಾಚಲ ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರಗಳ ಕೈಪಿಡಿಗಳಿಗೆ ಪುಟ ಜೋಡಿಸುವ ಕೆಲಸದಲ್ಲಿದ್ದು ರಿಟೈರಾದವರು. ಇಂದಿರಾನಗರದ ಆಚೆ ಅವರ ಸ್ಟಾಫ್ ಕಾಲೊನಿ. ಅಲ್ಲಿನ ಕನ್ನಡ ಸಂಘಕ್ಕೆ ಅವರೇ ಕಾರ್ಯದರ್ಶಿ. ರಾಜ್ಯೋತ್ಸವ ಬಂತೆಂದರೆ ಸಂಘದ ಸಂಚಿಕೆಯನ್ನು ಮನೆಯ ಕಂಪ್ಯೂಟರಿನಲ್ಲೇ ಲೇಟೆಕ್ ಎಂಬ ತಂತ್ರಾಂಶದಲ್ಲಿ ಜೋಡಿಸುತ್ತಿದ್ದರು. ಒಂದು ವರ್ಷ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

“ಪದೇ ಪದೇ ಬರೋದನ್ನ ಪದೇ ಪದೇ ಟೈಪ್ ಮಾಡ್ಬಾರ್ದು ಜಲಜಾ. ಫೈಲಿನ ತಲೇಲಿ ಒಂದೇ ಸಲ ಹೇಳ್ಬಿಡ್ಬೇಕು, ಈ ಗುರುತು ಬಂದ್ರೆ ಇದನ್ನ ಹಾಕು ಅಂತ. ಅದಕ್ಕೆ ಮ್ಯಾಕ್ರೊ ಅಂತಾರೆ.”

ತಲೆಬರಹಕ್ಕೊಂದು, ಪದ್ಯಗಳ ನಡುವಿನ ಹೂಬಳ್ಳಿಗೊಂದು, ಸಂಘದ ಉದ್ದನೆಯ ವಿಳಾಸಕ್ಕೊಂದು ಅಂತ ಮ್ಯಾಕ್ರೊ ಬರೆಯುವುದನ್ನು ಜಲಜಮ್ಮ ಬೇಗ ಕಲಿತರು. ಆಮೇಲೆ ವಾರ್ಷಿಕ ವರದಿಯ ಕೆಳಗೆ ಕಾರ್ಯದರ್ಶಿಯ ಹೆಸರು ಬಂತು ನೋಡಿ, ಕೈ ಅಲ್ಲಿಗೇ ನಿಂತಿತು.

“ಇಲ್ಲೂನಾ? ನಿನ್ನ ಕಟ್ಕೊಂಡು ಏನ್ ಮಾಡ್ಲಿ ನಾನು,” ಎಂದು ವೆಂಕಟಾಚಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಾವೇ ಕೀಬೋರ್ಡ್ ಎಳೆದುಕೊಂಡು ಫೈಲಿನ ತಲೆಯಲ್ಲಿ ಇನ್ನೊಂದು ಸಾಲು ಸೇರಿಸಿದರು. ‘ಇವರು’ ಎಂಬ ಗುರುತು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ‘ವೆಂಕಟಾಚಲ’ ಎಂದು ಅಚ್ಚಾಗಬೇಕು. “ತಗೋ, ಹೆಸರು ಹೇಳಿದ ಪಾಪ ಕಂಪ್ಯೂಟರಿಗೇ ಇರ್ಲಿ. ಆದ್ರೂ ಒಂದ್ಸಲ ಹೆಸರು ಹಿಡಿದು ಕರಿ ನೋಡೋಣ. ಓ ಅಂತೀನಿ.”

“ಹೋಗ್ರೀ,” ಎಂದಿದ್ದರು ಜಲಜಮ್ಮ.

ಈ ಸಲ ಯುಗಾದಿ ಕಳೆದದ್ದೇ ವೆಂಕಟಾಚಲ ಹೋಗಿಬಿಟ್ಟರು. ಮಕ್ಕಳಿಲ್ಲದ ಮನೆ. ಜಲಜಮ್ಮ ಅಡುಗೆಮನೆಯಿಂದ “ರೀ” ಅಂದುಬಿಡುತ್ತಿದ್ದರು, ಆಮೇಲೆ ನೆನಪಾಗಿ ಒಲೆ ಆರಿಸಿಬಿಡುತ್ತಿದ್ದರು. ತಡೆಯಲಾಗದಷ್ಟು ಒಂಟಿತನ. ಅದಕ್ಕೇ ಸಂಚಿಕೆಯ ಕೆಲಸ ಒಬ್ಬರೇ ಮೈಮೇಲೆ ಹಾಕಿಕೊಂಡರು. ಶ್ರದ್ಧಾಂಜಲಿಯ ಪುಟವನ್ನೂ ತಾವೇ ಬರೆದರು. ಹೆಸರು ಬರಬೇಕಾದ ಕಡೆಯೆಲ್ಲ ಎಂದಿನಂತೆ ‘ಇವರು’.

ಹೊಸ ಕಾರ್ಯದರ್ಶಿ ವಿಕ್ರಮ್ ಒಳ್ಳೆಯ ಹುಡುಗ, ಮಾರತ್ತಹಳ್ಳಿಯ ಕಡೆ ಸಾಫ್ಟ್‌ವೇರ್ ಕೆಲಸ. ಶಿವಾಜಿನಗರದಲ್ಲಿ ಹೊಸದೊಂದು ಪ್ರೆಸ್ ಗೊತ್ತುಮಾಡಿ ಫೈಲನ್ನು ಅಲ್ಲಿಗೆ ಒಯ್ದ. ವರದಿಯ ಕೆಳಗೆ ಇನ್ನೂ ಹಳೇ ಕಾರ್ಯದರ್ಶಿಯ ಹೆಸರೇ ಇತ್ತು. ಫೈಲಿನ ತಲೆಯಲ್ಲಿ ‘ಇವರು’ ಎಂಬ ಸಾಲು ಕಂಡಿತು. ಆಯಾ ವರ್ಷದ ಕಾರ್ಯದರ್ಶಿ ಇವರು ಅಂತ ಇರಬೇಕು ಎಂದುಕೊಂಡ ಪುಣ್ಯಾತ್ಮ ಅಲ್ಲಿ ತನ್ನ ಹೆಸರು ಹಾಕಿ ಆಫೀಸಿಗೆ ಹೋದ.

ಮಧ್ಯಾಹ್ನ ಪ್ರೆಸ್ಸಿನಿಂದ ಜಲಜಮ್ಮನ ಫೋನಿಗೆ ಪ್ರೂಫ್ ಬಂತು. ‘ನನ್ನ ಪತಿ ವಿಕ್ರಮ್ ನಮ್ಮನ್ನೆಲ್ಲ ಅಗಲಿದ್ದಾರೆ.’

ಮೊದಲು ನಗುವೇ ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ಹಂಚಿಕೊಳ್ಳುವುದಕ್ಕೆ ತಿರುಗಿದರೆ ಕುರ್ಚಿ ಖಾಲಿ. ಆಮೇಲೆ ಒಂದೊಂದೇ ಪುಟ ಸರಿಸುತ್ತಾ ಹೋದರು. ಸಂಘ ಕಟ್ಟಿದ ಕಥೆಯಲ್ಲಿ ವಿಕ್ರಮ್, ಹಳೇ ಫೋಟೋದ ಕೆಳಗೆ ವಿಕ್ರಮ್. ಇಡೀ ಸಂಚಿಕೆಯಲ್ಲಿ ಗಂಡ ಒಂದು ಕಡೆಯೂ ಇರಲಿಲ್ಲ. ಒಂದು ಸಾಲು ತಿದ್ದಿದ್ದಕ್ಕೆ ಮನುಷ್ಯ ಇಷ್ಟು ಪೂರ್ತಿ ಇಲ್ಲವಾಗಿಬಿಡುತ್ತಾನಾ? ಸಂಜೆಗೆ ಅಚ್ಚು ಶುರು. ವಿಕ್ರಮ್ ಮೀಟಿಂಗಿನಲ್ಲಿದ್ದಾನೋ ಏನೋ, ಫೋನ್ ಎತ್ತಲಿಲ್ಲ. ಜಲಜಮ್ಮ ಮನೆಗೆ ಬೀಗ ಹಾಕಿ ಆಟೊ ಹತ್ತಿದರು.

ಪ್ರೆಸ್ಸಿನ ಖಾದರ್ ಸ್ಟೂಲ್ ಒರೆಸಿ ಕೂರಿಸಿದ. ಜಲಜಮ್ಮ ಹೇಳಿದಂತೆ ‘ಕಾರ್ಯದರ್ಶಿ’ ಎಂದು ಬೇರೆಯೇ ಮ್ಯಾಕ್ರೊ ಮಾಡಿ ವಿಕ್ರಮನನ್ನು ಅಲ್ಲಿಗೆ ಕಳಿಸಿದ. “ಈಗ ‘ಇವರು’ ಅಂದ್ರೆ ಯಾರಮ್ಮಾ? ಏನಂತ ಹಾಕ್ಲಿ?”

“ನಮ್ಮೆಜಮಾನ್ರು.”

“ಗೊತ್ತಾಯ್ತು. ಹೆಸರು?”

ಗಾಬರಿಯಲ್ಲಿ ಹೊರಟವರಿಗೆ ಹಳೇ ಸಂಚಿಕೆಯೊಂದನ್ನು ತರಬೇಕೆಂದು ಹೊಳೆದಿರಲಿಲ್ಲ. ಫೋನಿನಲ್ಲೂ ಆ ನಂಬರು ‘ಇವರು’ ಎಂದೇ ಇತ್ತು. “ತಿರುಪತಿ ಬೆಟ್ಟಕ್ಕೆ ಏನಂತಾರಲ್ಲಪ್ಪ, ಅದು.”

ಖಾದರ್ ಉತ್ಸಾಹದಿಂದ ಟೈಪ್ ಮಾಡಿ ಪರದೆಯನ್ನು ಅವರ ಕಡೆ ತಿರುಗಿಸಿದ. ‘ನನ್ನ ಪತಿ ತಿರುಮಲ.’

ಜಲಜಮ್ಮನ ಕಣ್ಣು ತುಂಬಿಬಂತು. ಖಾದರ್ ಪರದೆ ನೋಡಿದ, ಅವರನ್ನು ನೋಡಿದ.

“ನಮ್ಮಮ್ಮಾನೂ ಹಿಂಗೇ,” ಎಂದ ಮೆಲ್ಲಗೆ. “ನಮ್ಮಬ್ಬಾನ ಹೆಸರು ಯಾವತ್ತೂ ಹೇಳ್ಲಿಲ್ಲ. ನೀವೇ ಕೂತ್ಕೊಳ್ಳಿ. ನಾನು ಹೊರಗಡೆ ಇರ್ತೀನಿ.”

ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದ. ಜಲಜಮ್ಮ ‘ತಿರುಮಲ’ವನ್ನು ಅಳಿಸಿದರು. ಆ ಸಾಲು ಬೋಳಾಗಿ ನಿಂತಿತ್ತು. ತಾವು ಬರೆಯದಿದ್ದರೆ ಅಲ್ಲಿ ಇನ್ಯಾರೂ ಬರೆಯುವವರಿಲ್ಲ. ಒಂದು ಬೆರಳಲ್ಲಿ, ಒಂದೊಂದೇ ಅಕ್ಷರ ಒತ್ತಿದರು. ಸರಿಯಾಗಿದೆಯೋ ಇಲ್ಲವೋ ಎಂದು ಓದಿ ನೋಡಬೇಕಲ್ಲ? ಓದಿದರು. ಬಾಯಿಬಿಟ್ಟು, ಗಟ್ಟಿಯಾಗಿಯೇ.

“ವೆಂಕಟಾಚಲ.”

ಹೇಳಿ ಸುಮ್ಮನಾಗಲಿಲ್ಲ ಅವರ ಮನಸ್ಸು. ಕಿವಿ ಕೊಟ್ಟು ಕಾದರು.

“ಓ,” ಎಂದ ಖಾದರ್ ಬಾಗಿಲ ಆಚೆಯಿಂದ. “ಕರೆದ್ರಾ ಅಮ್ಮಾ?”

ಜಲಜಮ್ಮ ಸೆರಗಲ್ಲಿ ಮುಖ ಒರೆಸಿಕೊಂಡರು.

“ನಿನ್ನನ್ನಲ್ಲಪ್ಪ,” ಎಂದರು. “ಇವರನ್ನ.”