ಯೋಜನೆಗೆ ಯಾರ ಹೆಸರು

ಕ್ಷೌರದಂಗಡಿಯ ತಾತನಿಗೆ ಪ್ರಾಣವಿದ್ದದ್ದು ಎರಡರ ಮೇಲೆ: ಪಕ್ಷ ಮತ್ತು ಮೊಮ್ಮಗಳು. ಮೀಸೆ ಚಿಗುರುವ ಮೊದಲೇ ಪಕ್ಷದ ಬಾವುಟ ಕಟ್ಟಿದವನು. ಗಿರಾಕಿಯ ಗಂಟಲ ಮೇಲೆ ಕತ್ತಿಯಿಟ್ಟುಕೊಂಡೇ ರಾಜಕೀಯ ಮಾತಾಡುತ್ತಿದ್ದ. ಹಾಗಿರುವಾಗ ಎದುರುಮಾತು ಯಾರು ಆಡುತ್ತಾರೆ ಎಂದು ಬೀದಿಯವರು ನಗುತ್ತಿದ್ದರು.

ಮೊಮ್ಮಗಳು ಪುಟ್ಟಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಅವಳ ತಾಯಿ, ತಾತನ ಒಬ್ಬಳೇ ಮಗಳು, ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ಬಳಿ ದುಡಿಯುತ್ತಿದ್ದಳು. ಕಿವಿಯೊಳಗೆ ಸಣ್ಣ ಯಂತ್ರ ಕೂರಿಸಿದರೆ ಮಗು ಕೇಳುತ್ತದೆ, ಮಾತೂ ಕಲಿಯುತ್ತದೆ, ಆದರೆ ಐದು ತುಂಬುವುದರೊಳಗೆ ಆಗಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಆ ಖರ್ಚು ಇವರ ಕೈಗೆಟುಕುವಂಥದ್ದಲ್ಲ. ಸರ್ಕಾರದ ಮಕ್ಕಳ ಆರೋಗ್ಯ ವಿಮೆ ಇತ್ತು. ಆಪರೇಷನ್ನಿನ ದಿನವೂ ನಿಗದಿಯಾಯಿತು.

ಅಷ್ಟರಲ್ಲಿ ಸರ್ಕಾರ ಬದಲಾಯಿತು. ವಿಮೆಗೆ ತಾತನ ಪಕ್ಷದ ಹಿರಿಯ ನಾಯಕರ ಹೆಸರಿತ್ತು. ಹೊಸಬರು ಅದನ್ನು ಕಿತ್ತು ತಮ್ಮ ನಾಯಕರ ಹೆಸರಿಡಲು ಹೊರಟರು. ಸದನದಲ್ಲಿ ಎರಡೂ ಕಡೆ ಬಲ ಹೆಚ್ಚುಕಮ್ಮಿ ಸಮ. ತಾತನ ಪಕ್ಷ ಪಟ್ಟು ಹಿಡಿಯಿತು. ವಿಮೆಯ ಹಣಕ್ಕೆ ಮಂಜೂರಾತಿ ಸಿಗದೆ ಆಪರೇಷನ್ನು ನಿಂತುಹೋಯಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಿರಾಕಿಯೊಬ್ಬ ಅಂದ. ತಾತ ಒಪ್ಪಲಿಲ್ಲ. ಹೆಸರು ಬಿಟ್ಟುಕೊಟ್ಟರೆ ಮರ್ಯಾದೆಯನ್ನೇ ಬಿಟ್ಟುಕೊಟ್ಟಂತೆ, ಇಂದೋ ನಾಳೆಯೋ ಎದುರಿನವರು ಮಣಿಯುತ್ತಾರೆ ಎಂದ. ಯಾರೂ ಮಣಿಯಲಿಲ್ಲ. ಪುಟ್ಟಿಯ ಹಳೆಯ ಲಂಗ ಮೊಣಕಾಲಿಗೆ ಬಂತು.

ಕೊನೆಗೆ ತಾತ ತನ್ನ ಪಕ್ಷದ ಶಾಸಕರ ಮನೆಗೇ ಹೋದ. ಅವರ ಮೊದಲ ಚುನಾವಣೆಯಲ್ಲಿ ಮನೆಮನೆ ಸುತ್ತಿದವನು ಇವನೇ. ಅವರು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕೊಟ್ಟರು.

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಪಕ್ಷ ಹೇಳಿದ ಕಡೆ ಕೈ ಎತ್ತಲೇಬೇಕಲ್ಲ. ನೀವೇ ನಮಗೆ ಹೇಳಿಕೊಟ್ಟ ಪಾಠ ಅದು," ಎಂದರು.

ತಾತ ಕಾಫಿ ಲೋಟ ಕೆಳಗಿಟ್ಟು ಎದ್ದ. ಅದು ಅವನದೇ ಮಾತು.

ಸುದ್ದಿ ತಿಳಿದ ಆಳುವ ಪಕ್ಷದವರು ತಾವಾಗಿಯೇ ಅಂಗಡಿಗೆ ಬಂದರು. ತಮ್ಮ ಸಭೆಯಲ್ಲಿ ಮಗುವಿನೊಡನೆ ನಿಂತು ನಾಲ್ಕು ಮಾತಾಡಿದರೆ ಮುಖ್ಯಮಂತ್ರಿಗಳ ಕಿವಿಗೆ ಬೀಳುತ್ತದೆ ಎಂದರು. ಮಗಳು ಕೆಲಸದಲ್ಲಿದ್ದ ಹೊತ್ತಿಗೆ ತಾತ ಪುಟ್ಟಿಯನ್ನು ಎತ್ತಿಕೊಂಡು ವೇದಿಕೆ ಹತ್ತಿ, ಆಯುಷ್ಯವಿಡೀ ಹೊಗಳಿದ ಪಕ್ಷವನ್ನು ಬೈದ. ಚಪ್ಪಾಳೆ ಬಿತ್ತು. ಜನರ ಕೈಗಳು ಬಡಿದುಕೊಳ್ಳುವುದನ್ನು ಕಂಡು ಪುಟ್ಟಿಯೂ ಬಡಿದಳು. ವಾರದೊಳಗೆ ಅವಳ ಮುಖ ಗೋಡೆಗೋಡೆಗೂ ಅಂಟಿತು. ಹಣ ಮಾತ್ರ ಬರಲಿಲ್ಲ.

ಮಗಳು ಕೂಗಾಡಲಿಲ್ಲ. ಅಪ್ಪನ ಎದುರು ಕೂತು ಮೆಲ್ಲಗೆ ಕೇಳಿದಳು:

"ಅಪ್ಪಾ, ಅವರು ನನ್ನ ಮಗಳನ್ನ ಪೋಸ್ಟರ್ ಮಾಡಿದ್ರು, ಸರಿ. ನೀನ್ಯಾಕೆ ಎತ್ತಿಕೊಟ್ಟೆ?"

"ಬೇರೆ ದಾರಿ ಕಾಣಲಿಲ್ಲ ಕಣಮ್ಮ."

"ನನ್ನನ್ನ ಒಂದು ಮಾತು ಕೇಳಬೇಕು ಅಂತಲೂ ಕಾಣಲಿಲ್ವಾ?"

ಅಂದಿನಿಂದ ಮಗಳು ಅವನ ತಟ್ಟೆಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮುಂದಿನ ಚುನಾವಣೆ ಹತ್ತಿರ ಬಂದಾಗ ಎರಡೂ ಪಕ್ಷಗಳು ರಾಜಿಯಾದವು. ವಿಮೆಗೆ ಇಬ್ಬರು ನಾಯಕರ ಹೆಸರನ್ನೂ ಇಟ್ಟರು. ಪುಟ್ಟಿಗೆ ಆಗಲೇ ಏಳು ನಡೆಯುತ್ತಿತ್ತು. ವಿಮೆಯ ವಯಸ್ಸಿನ ಮಿತಿಯನ್ನು ಅವಳು ದಾಟಿದ್ದಳು. ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿದರು. ಈಗ ಯಂತ್ರ ಕೂರಿಸಿದರೆ ಸದ್ದು ಕೇಳಿಸಬಹುದು, ಆದರೆ ಅದನ್ನು ಮಾತು ಎಂದು ಗುರುತಿಸುವ ಕಾಲ ಮೀರಿದೆ ಎಂದು ತಲೆ ತಗ್ಗಿಸಿ ಹೇಳಿದರು. ಆಸ್ಪತ್ರೆಯ ಹೊರಗೆ ಬಂದ ಮಗಳು ಪುಟ್ಟಿಯ ಚಪ್ಪಲಿಯ ಪಟ್ಟಿ ಬಿಗಿಮಾಡುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಕೂತಳು. ತಾತ ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ ಹಿಂತೆಗೆದ.

ಪುಟ್ಟಿಯನ್ನು ಸನ್ನೆ ಭಾಷೆ ಕಲಿಸುವ ಶಾಲೆಗೆ ಸೇರಿಸಿದರು. ಸಂಜೆ ಅವಳೇ ಅಮ್ಮನಿಗೆ ಕಲಿಸುತ್ತಿದ್ದಳು. ತಾತ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಅಂಗಡಿಯಲ್ಲಿ ಈಗ ಅವನು ರಾಜಕೀಯ ಮಾತಾಡುತ್ತಿರಲಿಲ್ಲ. ಯಾರಾದರೂ ಕೆಣಕಿದರೆ, 'ಸ್ವಲ್ಪ ತಲೆ ಬಗ್ಗಿಸಿ' ಎನ್ನುತ್ತಿದ್ದ, ಅಷ್ಟೇ.

ಒಂದು ಸಂಜೆ ಮಗಳು ಬಾಗಿಲ ಕಡೆ ತಿರುಗಿದಳು.

"ಬಾ, ಕೂತ್ಕೋ. ಎಷ್ಟು ದಿನ ಅಂತ ನಿಂತಿರ್ತೀಯ," ಎಂದಳು.

ತಾತ ಬಂದು ಕೂತ. 'ತಾತ' ಎಂಬುದನ್ನು ಹೇಗೆ ತೋರಿಸಬೇಕೆಂದು ಪುಟ್ಟಿ ಅವನ ಒರಟು ಬೆರಳುಗಳನ್ನು ಹಿಡಿದು ತಿದ್ದಿದಳು. ಅವನಿಗೆ ಬರಲಿಲ್ಲ. ಅವಳು ಮತ್ತೆ ತಿದ್ದಿದಳು.