ಮುಂದಿನ ಗಾಲಿಯ ಸಪ್ಪಳ

ಹಳೆಯ ಮಾರುತಿ ಕಾರು ಓಣಿಗೆ ತಿರುಗಿ ಗಟಾರದ ಮೇಲಿನ ಹಾಸುಗಲ್ಲು ದಾಟುವಾಗ ಮುಂದಿನ ಬಲಗಾಲಿ ‘ಖಡಕ್’ ಎನ್ನುತ್ತಿತ್ತು. ಇಳಕಲ್ಲಿನ ಆ ಓಣಿಯಲ್ಲಿ ಮಗ್ಗಗಳು ಎಷ್ಟೇ ಬಡಿದುಕೊಳ್ಳಲಿ, ಬಸಲಿಂಗವ್ವನ ಕಿವಿಗೆ ಆ ಸಪ್ಪಳ ಬೇರೆಯಾಗಿಯೇ ಬೀಳುತ್ತಿತ್ತು. ಗ್ರಾನೈಟ್ ಫ್ಯಾಕ್ಟರಿಯಿಂದ ಗಂಡ ಬಂದನೆಂದು ಒಲೆಯ ಮೇಲೆ ಹೆಂಚು ಇಡುತ್ತಿದ್ದಳು. ರಾಚಯ್ಯ ಕೈಕಾಲು ತೊಳೆದು ಕೂಡುವಷ್ಟರಲ್ಲಿ ಬಿಸಿರೊಟ್ಟಿ ತಟ್ಟೆಯಲ್ಲಿರುತ್ತಿತ್ತು.

ರಾಚಯ್ಯ ತೀರಿಕೊಂಡು ವರ್ಷವಾಗುತ್ತ ಬಂತು. ಈಗ ಆ ಕಾರಿನಲ್ಲಿ ಹುನಗುಂದದ ಗ್ರಂಥಾಲಯದ ಕೆಲಸಕ್ಕೆ ಹೋಗಿಬರುವವಳು ಮಗಳು ದಾನೇಶ್ವರಿ. ಸಂಜೆ ಖಡಕ್ ಎಂದಾಗಲೆಲ್ಲ ಅವ್ವನ ಕೈ ಇನ್ನೂ ಹೆಂಚಿಗೆ ಹೋಗುತ್ತದೆ. ನೆನಪಾಗಿ ಅಲ್ಲೇ ನಿಲ್ಲುತ್ತದೆ.

“ದಾನಿ, ಆ ಗಾಡಿ ಮಾರಿಬಿಡೂನು,” ಎಂದಳು ಬಸಲಿಂಗವ್ವ ಒಂದು ದಿನ. “ಸಪ್ಪಳ ಕೇಳಿದ್ರ ಎದಿ ಝಲ್ ಅಂತೈತಿ. ಬಸ್ಸಿಗೆ ಹೋಗು. ಊರ ಮಂದಿ ಹೋಗಂಗಿಲ್ಲೇನು?”

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಯಾರ ಮಗಳು, ಮದುವೆ ಯಾವಾಗ ಎಂದು ಹುನಗುಂದ ಬರುವತನಕ ಕೆದಕುತ್ತಾರೆ. ಕಾರಿನಲ್ಲಿ ಕೇಳುವವರಿಲ್ಲ. ಅಪ್ಪ ಕೂತು ಕೂತು ತಗ್ಗು ಬಿದ್ದ ಸೀಟು ಇದೆ. ಅದನ್ನು ಹೇಗೆ ಕೊಡುವುದು?

“ಸಪ್ಪಳ ಹೋದ್ರ?” ಎಂದು ಕೇಳಿದಳು ದಾನೇಶ್ವರಿ.

“ಹೋದ್ರ ಇಟ್ಕೋವಾ. ನಾ ಯಾಕ ಬ್ಯಾಡ ಅನ್ನಲಿ.”

ಶನಿವಾರ ಶಾಬುದ್ದೀನನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಳು. “ಗಾಲಿ ಹಿಡಿಯೂ ಲೋವರ್ ಆರ್ಮ್ ಕೊಡ್ರಿ, ಬಲಗಡಿದು. ರಬ್ಬರ್ ಬುಶ್ ಹಾಕಿದ್ದು.”

“ಯಾರು ಕೂಡಸ್ತಾರವಾ?”

“ನಾನ.”

ಅವನು ನಕ್ಕ. “ರಾಚಯ್ಯನ ಮಗಳಲ್ಲ, ಕೂಡಸ್ತಿ ಬಿಡು. ಎಡಗಡಿದು ಬಿಚ್ಚಿ, ಬಲಗಡಿ ಸಪ್ಪಳ ಹೋಗಲಿಲ್ಲಂತ ಬರಬ್ಯಾಡ ಮತ್ತ!”

ಅವಳು ದುಡ್ಡು ಎಣಿಸಿ ಕೊಟ್ಟು ಆರ್ಮನ್ನು ಕಾರಿನಲ್ಲಿಟ್ಟಳು.

ಭಾನುವಾರ ಅಂಗಳದಲ್ಲಿ ಜ್ಯಾಕ್ ಎತ್ತಿ, ಗಾಲಿ ತೆಗೆದು, ಕಾರಿನಡಿಗೆ ಕಟ್ಟಿಗೆಯ ದಿಮ್ಮಿ ಸರಿಸಿದಳು. ಎದುರು ಮನೆಯ ಸತ್ಯವ್ವ ಕಟ್ಟೆಯ ಮೇಲಿಂದಲೇ ಕೂಗಿದಳು: “ಏ ದಾನಿ, ಕಲ್ಲ ಇಡಬಾರದೇನ? ಇಳಕಲ್ಲಾಗ ಕಲ್ಲಿಗೂ ಬರ ಬಂತೇನವಾ?”

ದಾನೇಶ್ವರಿ ನಕ್ಕು ದಿಮ್ಮಿಯನ್ನು ಇನ್ನಷ್ಟು ಒಳಗೆ ತಳ್ಳಿದಳು. ‘ಕಟಗಿ ಮುರಿಯೂ ಮೊದಲ ಚರ್ ಅಂತ ಹೇಳತೈತಿ. ಕಲ್ಲು ಹೇಳೂದಿಲ್ಲ’ ಎನ್ನುತ್ತಿದ್ದ ಅಪ್ಪ. ಜೀವಮಾನವೆಲ್ಲ ಕಲ್ಲು ಕೊಯ್ಯಿಸಿದವನು. ಕಲ್ಲಿನ ಹಾಗೆ ಅವನೂ ಮೊದಲೇ ಏನೂ ಹೇಳಿರಲಿಲ್ಲ. ಬೆಳಿಗ್ಗೆ ಫ್ಯಾಕ್ಟರಿಗೆ ಹೋದವನು ಮಧ್ಯಾಹ್ನ ದವಾಖಾನೆಯಲ್ಲಿದ್ದ, ಮರಳಿ ಬರಲಿಲ್ಲ.

ತುಕ್ಕು ಹಿಡಿದ ಬೋಲ್ಟು ಅಂಗೈ ಕೆಂಪು ಮಾಡಿ ಬಿಟ್ಟುಕೊಟ್ಟಿತು. ಹಳೆಯ ಬುಶ್ಶಿನ ರಬ್ಬರು ಹರಿದು ಚಿಂದಿಯಾಗಿತ್ತು. ಹೊಸದನ್ನು ಕೂಡಿಸಿದಳು. ಆದರೆ ಕೊನೆಯ ಬೋಲ್ಟನ್ನು ಗಾಲಿ ತೂಗಾಡುವಾಗ ಬಿಗಿಯುವಂತಿಲ್ಲ. ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಅಪ್ಪ ಗಾಲಿ ಹಾಕಿ, ಕಾರನ್ನು ಹಲಗೆಯ ಮೇಲೆ ಇಳಿಸಿ, ಅವಳನ್ನು ಕರೆಯುತ್ತಿದ್ದ. “ದಾನಿ, ಬಾ ಕೂಡು. ಭಾರ ಬಿದ್ದಮ್ಯಾಲ ಬಿಗೀಬೇಕು.” ಅವಳು ಸ್ಟೇರಿಂಗ್ ಹಿಡಿದು ಮನಸ್ಸಿನಲ್ಲೇ ಬಾದಾಮಿ, ಕೂಡಲಸಂಗಮ ಸುತ್ತಿ ಬರುತ್ತಿದ್ದಳು. ನಡುನಡುವೆ ಕಾರಿನಡಿಯಲ್ಲಿದ್ದ ಅಪ್ಪನನ್ನು ಕೇಳುತ್ತಿದ್ದಳು: “ಆತೇನಪಾ?” “ಇನ್ನೊಂದ ಸುತ್ತವಾ.”

ಅವಳೂ ಗಾಲಿ ಹಾಕಿ, ಕಾರನ್ನು ಹಲಗೆಯ ಮೇಲೆ ಇಳಿಸಿ ಕೂಗಿದಳು: “ಅವ್ವಾ, ಚೂರು ಸೀಟಿನ್ಯಾಗ ಕೂಡ್ತೀಯೇನು?”

ಬಸಲಿಂಗವ್ವ ಬಾಗಿಲಲ್ಲೇ ನಿಂತಳು. “ಅವರಿಲ್ಲದ ಗಾಡ್ಯಾಗ ನಾ ಕೂಡಂಗಿಲ್ಲವಾ.”

ದಾನೇಶ್ವರಿ ಪಡಸಾಲೆಯಿಂದ ಜೋಳದ ಚೀಲ ಎಳೆದು ತಂದು ಸೀಟಿಗೆ ಏರಿಸಿದಳು. ವಾಲಿತು, ಬೆಲ್ಟು ಹಾಕಿದಳು. ಅಪ್ಪ ಮಾಡಿದ ತಗ್ಗಿನಲ್ಲಿ ಚೀಲ ಸರಿಯಾಗಿ ಕೂತಿತು. ಅವಳು ಕೆಳಗೆ ನುಸುಳಿ ಪಾನಾ ಹಿಡಿದು ಬೋಲ್ಟು ಬಿಗಿದಳು. ಮೇಲಿಂದ ಯಾರೂ ಆತೇನು ಎನ್ನಲಿಲ್ಲ.

ಸಂಜೆ ಚೀಲ ಇಳಿಸಿ, ಹುನಗುಂದದ ರಸ್ತೆಗೆ ಒಂದಿಷ್ಟು ದೂರ ಹೋಗಿ ಬಂದಳು. ಓಣಿಗೆ ತಿರುಗಿ ಹಾಸುಗಲ್ಲು ಬಂದಾಗ ವೇಗ ಇಳಿಸಿ ಕಿವಿಗೊಟ್ಟಳು. ಏನೂ ಇಲ್ಲ. ಕಾರು ಮೆತ್ತಗೆ ದಾಟಿ ಬಾಗಿಲಿಗೆ ಬಂದು ನಿಂತಿತು. ಅವಳು ಕೀಲಿ ತಿರುವಿ ಎಂಜಿನ್ ಆರಿಸಿದಳು. ಅಡುಗೆಮನೆಯಲ್ಲಿ ಹೆಂಚಿನ ಸದ್ದೂ ಇಲ್ಲ.

ಒಳಗೆ ಹೋದರೆ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದ ಅವ್ವ ಬೆಚ್ಚಿದಳು. “ಯವ್ವಾ! ಯಾವಾಗ ಬಂದಿ? ಗೊತ್ತ ಆಗಲಿಲ್ಲ.”

“ಈಗ. ಸಪ್ಪಳ ಹೋತಬೇ.”

ಬಸಲಿಂಗವ್ವ ಬಾಗಿಲ ಕಡೆ ನೋಡಿದಳು, ಹೊರಗೆ ಇನ್ನೂ ಯಾರೋ ಬರಬೇಕಾಗಿದ್ದಂತೆ. “ಹೂಂ. ಹೋತು.” ಮೊರದ ಬೇಳೆಯಲ್ಲಿ ಸುಮ್ಮನೆ ಬೆರಳಾಡಿಸಿದಳು. “ನಾಳಿಂದ ಓಣಿಗಿ ಬರೂಮುಂದ ಹಾರ್ನ್ ಆದ್ರೂ ಹೊಡಿ. ಹೆಂಚ ಇಡಬೇಕಲ್ಲ.”

ಮರುದಿನ ಸಂಜೆ ಹಾಸುಗಲ್ಲಿನ ಹತ್ತಿರ ದಾನೇಶ್ವರಿಯ ಹೆಬ್ಬೆರಳು ಹಾರ್ನಿನ ಮೇಲೆ ಬಂತು. ಕಟ್ಟೆಯ ಮೇಲೆ ಮಂದಿ ಕೂತಿದ್ದರು. ಬಾರಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಬೆರಳು ಒತ್ತದೆ ಅಲ್ಲೇ ಇತ್ತು. ಕಾರು ಸದ್ದಿಲ್ಲದೆ ಹಾಸುಗಲ್ಲು ದಾಟಿತು.